ಏಳೂವರೆ ಕಿಲೋ ಶನಿ

ಹೊಸದಾಗಿ ವ್ಯಾಯಾಮಕ್ಕೆ ತೊಡಗಿದವನಿಗೆ ಮೊದಲ ಎರಡು ತಿಂಗಳು ವಸಂತಕಾಲ. ಇಂದು ಎತ್ತಲಾರದ ಭಾರವನ್ನು ಮುಂದಿನ ವಾರ ಎತ್ತುತ್ತಾನೆ. ಕನ್ನಡಿಯ ಮುಂದೆ ನಿಲ್ಲುವ ಹೊತ್ತು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಅಂಗಿಯ ತೋಳು ಬಿಗಿಯಾಯಿತೆಂದು ದರ್ಜಿಯನ್ನು ದೂರುವ ನೆಪದಲ್ಲಿ ತನ್ನ ಹೆಮ್ಮೆಯನ್ನು ಮನೆಯವರಿಗೆ ಅರುಹುತ್ತಾನೆ. ಆಮೇಲೆ ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ಏರಿಕೆ ನಿಂತುಬಿಡುತ್ತದೆ. ಅದೇ ಭಾರ, ಅದೇ ಎಂಟು ಸಲ. ಒಂಬತ್ತನೆಯ ಸಲಕ್ಕೆ ಕೈ ಮೇಲೇಳದು. ಬಹುಮಂದಿಯ ಡಂಬೆಲ್ಲುಗಳು ಮಂಚದ ಕೆಳಗೆ ಸೇರಿ ಧೂಳು ಹಿಡಿದು, ಕೊನೆಗೆ ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವ ಉದ್ಯೋಗಕ್ಕೆ ನೇಮಕವಾಗುವುದು ಈ ಘಟ್ಟದಲ್ಲಿಯೇ.

ಮೈಸೂರಿನ ಗುಮಾಸ್ತರೊಬ್ಬರ ಸಂಗತಿಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಬಹುದು. ವಯಸ್ಸು ನಲವತ್ತಾರು. ಕಚೇರಿಯ ಕುರ್ಚಿ, ಮನೆಯ ಒರಗುಕುರ್ಚಿ, ಇವೆರಡರ ನಡುವೆ ಇಪ್ಪತ್ತು ವರ್ಷ ಓಡಾಡಿದ ಶರೀರ. ಅವರು ಡಂಬೆಲ್ ಹಿಡಿದದ್ದು ಅಂಗಸೌಷ್ಠವದ ಆಸೆಯಿಂದಲ್ಲ. ತಾಯಿಗೆ ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಸ್ವಾಧೀನ ತಪ್ಪಿತ್ತು. ಬೆಳಗ್ಗೆ ಮಂಚದಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಮಂಚಕ್ಕೆ ಆಕೆಯನ್ನು ಎತ್ತಿ ಕೂರಿಸಬೇಕಾಗಿತ್ತು. ಆ ವೃದ್ಧೆಯ ತೂಕ 42 ಕಿಲೋ ಮೀರದು. ಆದರೂ ಮಗನ ಕೈ ನಡುಗುತ್ತಿತ್ತು. ಆ ನಡುಕ ತಾಯಿಗೆ ತಿಳಿಯುತ್ತಿತ್ತು. ಎಲ್ಲಿ ಬಿದ್ದೇನೋ ಎಂಬ ಭಯದಿಂದ ಆಕೆ ಪ್ರತಿ ಸಲವೂ ಮಗನ ಅಂಗಿಯ ಕೊರಳಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಿದ್ದರು.

ಪೇಟೆಯಿಂದ ನಾಲ್ಕು ಜೊತೆ ಡಂಬೆಲ್ ಬಂದವು: 2.5, 5, 7.5 ಮತ್ತು 10 ಕಿಲೋ. ಭುಜದ ಮಟ್ಟದಿಂದ ತಲೆಯ ಮೇಲಕ್ಕೆ ಎತ್ತುವುದು ಅವರ ಮುಖ್ಯ ಸಾಧನೆ. ಎರಡು ತಿಂಗಳಿಗೆ 7.5 ಕಿಲೋ ಜೊತೆಯನ್ನು ಎಂಟು ಸಲ ಎತ್ತುವ ಮಟ್ಟಕ್ಕೆ ಬಂದರು. ಅಲ್ಲಿಗೆ ನಿಂತಿತು. ಆರು ವಾರ ಕಳೆದರೂ ಒಂಬತ್ತನೆಯ ಸಲ ಒದಗಲಿಲ್ಲ. "ನಿಮಗಿದು ಏಳೂವರೆ ಶನಿಯೇ ಸರಿ. ದೇವಸ್ಥಾನದಲ್ಲಿ ಎಳ್ಳೆಣ್ಣೆ ದೀಪ ಹಚ್ಚಿಸಲೇ?" ಎಂದು ಮಡದಿ ನಕ್ಕರು. ಗುಮಾಸ್ತರಿಗೆ ನಗು ಬರಲಿಲ್ಲ. ಮರುದಿನ ಹಟಹಿಡಿದು 10 ಕಿಲೋ ಜೊತೆಯನ್ನೇ ಎತ್ತಿಕೊಂಡರು. ಒಂದು ಸಲ ಏರಿತು. ಎರಡನೆಯ ಸಲಕ್ಕೆ ಬಲಭುಜದಲ್ಲಿ ಚಳಕು ಹೊಡೆಯಿತು. ಸ್ನಾಯು ಉಳುಕಿದೆ, ಎರಡು ವಾರ ಭಾರ ಮುಟ್ಟಕೂಡದೆಂದು ವೈದ್ಯರು ಹೇಳಿದರು. ಆ ಎರಡು ವಾರ ತಾಯಿಯನ್ನು ಎತ್ತಿದವರು ಸೊಸೆ ಮತ್ತು ಕಾಲೇಜಿನಲ್ಲಿ ಓದುವ ಮೊಮ್ಮಗ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗನಿಗೆ ತಾಯಿ, "ನನ್ನ ದೆಸೆಯಿಂದ ನಿನ್ನ ಭುಜವೂ ಹೋಯಿತಲ್ಲೋ, ಮಗು" ಎಂದರು. ಭುಜದ ನೋವಿಗಿಂತ ಆ ಮಾತಿನ ನೋವು ದೊಡ್ಡದಾಯಿತು.

ಗುಮಾಸ್ತರು ಮಾಡಿದ ತಪ್ಪು ಎಲ್ಲರೂ ಮಾಡುವಂಥದು. ಆರಂಭದ ಏರಿಕೆಯೇ ಸಹಜಸ್ಥಿತಿ, ನಿಲುಗಡೆ ಎಂಬುದು ರೋಗ ಎಂದು ಅವರು ಭಾವಿಸಿದ್ದರು. ವಸ್ತುಸ್ಥಿತಿ ಬೇರೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿ ಬಹುಮಟ್ಟಿಗೆ ಮಾಂಸಖಂಡ ಬೆಳೆದುದರಿಂದ ಬಂದುದಲ್ಲ. ಇರುವ ಮಾಂಸಖಂಡವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ನರಮಂಡಲ ಕಲಿಯುತ್ತದೆ. ಮಲಗಿದ್ದ ಆಳುಗಳನ್ನೆಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಇದನ್ನು 1979ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು. ಆಳುಗಳೆಲ್ಲರೂ ಎದ್ದಮೇಲೆ ಉಳಿಯುವುದು ಮಾಂಸಖಂಡವೇ ಬೆಳೆಯಬೇಕಾದ ದಾರಿ. ಅದು ಮೆಲ್ಲನೆಯ ದಾರಿ. ಅನ್ನ, ನಿದ್ರೆ, ಕಾಲ ಮೂರನ್ನೂ ಬೇಡುವ ದಾರಿ. ಆದ್ದರಿಂದ ನಿಂತಂತೆ ತೋರುವ ಆ ಘಟ್ಟ ಸೋಲಿನ ಗುರುತಲ್ಲ. ಒಪ್ಪಿಸಿದ ಪಾಠವನ್ನು ಶರೀರ ಕಲಿತು ಮುಗಿಸಿದೆ, ಹೊಸ ಪಾಠ ಬೇಕು ಎಂಬುದಷ್ಟೇ ಅದರ ಅರ್ಥ.

ಹೊಸ ಪಾಠ ಎಷ್ಟು ದೊಡ್ಡದಿರಬೇಕು? ಇಲ್ಲಿ ಪ್ರಾಚೀನ ಗ್ರೀಕರ ಜಟ್ಟಿ ಮಿಲೋನ ಕಥೆ ನೆನೆಯತಕ್ಕದ್ದು. ಕ್ರಿಸ್ತಪೂರ್ವ ಆರನೆಯ ಶತಮಾನದ ಈತ ಒಲಿಂಪಿಕ್ ಕುಸ್ತಿಯಲ್ಲಿ ಆರು ಸಲ ಗೆದ್ದವನು. ಎಳೆಗರುವೊಂದನ್ನು ದಿನವೂ ಹೊತ್ತು ನಡೆದು, ಅದು ಬೆಳೆದು ದೊಡ್ಡದಾದಾಗಲೂ ಹೊರಬಲ್ಲವನಾದನೆಂದು ಕಥೆ. ಕಥೆ ನಿಜವಿರಲಿ ಬಿಡಲಿ, ಅದರೊಳಗಿನ ತತ್ತ್ವ ನಿಜ: ಕರು ಒಂದೇ ರಾತ್ರಿಯಲ್ಲಿ ಎತ್ತಾಗುವುದಿಲ್ಲ. ಆದರೆ ಡಂಬೆಲ್ ಆಗುತ್ತದೆ! 7.5 ಕಿಲೋ ಬಿಟ್ಟು 10 ಕಿಲೋ ಹಿಡಿದವನು ಒಂದೇ ನೆಗೆತಕ್ಕೆ ಮೂರನೆಯ ಒಂದು ಪಾಲು ಭಾರವನ್ನು ಹೆಚ್ಚಿಸಿಕೊಂಡಂತಾಯಿತು. 75 ಕಿಲೋ ಎತ್ತುವ ಪೈಲ್ವಾನನೊಬ್ಬ ಮರುದಿನ 100 ಕಿಲೋಗೆ ಕೈಹಾಕಿದರೆ ಅವನನ್ನು ಅವಿವೇಕಿ ಎನ್ನುತ್ತೇವೆ. ಗುಮಾಸ್ತರು ಮಾಡಿದ್ದು ಲೆಕ್ಕದಲ್ಲಿ ಅದೇ. ಅಂಕೆ ಚಿಕ್ಕದಾಗಿದ್ದುದರಿಂದ ಅವಿವೇಕ ಕಣ್ಣಿಗೆ ಬೀಳಲಿಲ್ಲ. ಭಾರವನ್ನು ಒಂದು ಸಲಕ್ಕೆ ನೂರಕ್ಕೆ 2ರಿಂದ 10ರಷ್ಟು ಮಾತ್ರ ಏರಿಸಬೇಕೆಂದು ಅಮೆರಿಕದ ಕ್ರೀಡಾವೈದ್ಯ ಮಂಡಳಿ 2009ರಲ್ಲಿ ಸೂಚಿಸಿದೆ. ಆ ಲೆಕ್ಕದಂತೆ 7.5 ಕಿಲೋ ಎತ್ತುವವನ ಮುಂದಿನ ಹೆಜ್ಜೆ 8 ಕಿಲೋವನ್ನು ಸಹ ಅಷ್ಟಾಗಿ ಮೀರಕೂಡದು.

ಈ ಲೆಕ್ಕವನ್ನು ಗುಮಾಸ್ತರಿಗೆ ತಿಳಿಯಹೇಳಿದವರು ಗಣಿತಜ್ಞರಲ್ಲ. ಅದೇ ಬೀದಿಯ ಕೊನೆಯಲ್ಲಿದ್ದ, ಹಿಂದೆ ದಸರೆಯ ಕುಸ್ತಿಯಲ್ಲಿ ಸೆಣಸಿದ್ದ ಮುದಿ ಉಸ್ತಾದರು. ಭುಜದ ಸುದ್ದಿ ಕೇಳಿ ಒಂದು ಸಂಜೆ ಬಂದು ಜಗಲಿಯ ಮೇಲೆ ಕುಳಿತರು.

"ರಾಯರೇ, ತಾಯಿಯವರನ್ನು ತಲೆಯ ಮೇಲಕ್ಕೆ ಎತ್ತುತ್ತೀರೇನು?" ಎಂದು ಕೇಳಿದರು.

"ಇಲ್ಲ, ಉಸ್ತಾದರೇ. ಮಂಚದಿಂದ ಕುರ್ಚಿಗೆ."

"ಹಾಗಾದರೆ ಅದು ತೊಡೆಯ ಕೆಲಸ, ಬೆನ್ನಿನ ಕೆಲಸ. ನೀವು ಭುಜವೊಂದನ್ನೇ ಹೊಡೆದು ಹೊಡೆದು ದಣಿಸಿದ್ದೀರಿ. ಬಸ್ಕಿ ಎಷ್ಟು ಹೊಡೆಯುತ್ತೀರಿ?"

ಗುಮಾಸ್ತರು ಉತ್ತರಿಸಲಿಲ್ಲ. ಬಸ್ಕಿಯನ್ನು ಅವರು ಶಾಲೆಯಲ್ಲಿ ಮೇಷ್ಟರು ಕೊಟ್ಟ ಶಿಕ್ಷೆಯಾಗಿ ಮಾತ್ರ ಬಲ್ಲವರು.

ಅಂದು ಉಸ್ತಾದರು ಹಾಕಿಕೊಟ್ಟ ಕ್ರಮ ಯಾವ ವೈದ್ಯಶಾಸ್ತ್ರಕ್ಕೂ ವಿರೋಧವಾದುದಲ್ಲ. ಮೊದಲನೆಯದು ವಿಶ್ರಾಂತಿ. ಭುಜ ವಾಸಿಯಾದ ಬಳಿಕವೂ ಒಂದು ವಾರ ಅರ್ಧ ಭಾರ, ಅರ್ಧ ಶ್ರಮ. ತಿಂಗಳುಗಟ್ಟಲೆ ಎಡೆಬಿಡದೆ ದುಡಿದ ಶರೀರದಲ್ಲಿ ಆಯಾಸ ಸಾಲದಂತೆ ಬೆಳೆದು, ಗಳಿಸಿದ ಬಲವನ್ನು ಮರೆಮಾಡಿರುತ್ತದೆ. ಸಾಲ ತೀರಿದ ಮೇಲೆ ಗಂಟು ಕಾಣಿಸುತ್ತದೆ. ಒಂದು ಅಂಗಕ್ಕೆ ಭಾರದ ಕೆಲಸ ಕೊಟ್ಟರೆ ಮರುದಿನ ಆ ಅಂಗಕ್ಕೆ ಬಿಡುವು ಕೊಡಬೇಕು. ವಾರಕ್ಕೆ ಎರಡು ಮೂರು ಸಲ ಧಾರಾಳವಾಗಿ ಸಾಕು.

ಎರಡನೆಯದು, ಭಾರವನ್ನು ಏರಿಸುವ ಮೊದಲು ಸಂಖ್ಯೆಯನ್ನು ಏರಿಸುವುದು. ಎಂಟು ಸಲ ಎತ್ತುವವನು ಅದೇ ಭಾರದಲ್ಲಿ ಒಂಬತ್ತು, ಹತ್ತು ಎಂದು ಹನ್ನೆರಡಕ್ಕೆ ಬರಬೇಕು. ಮೂರು ಸುತ್ತಿನಲ್ಲಿಯೂ ಹನ್ನೆರಡು ಬಂದ ಮೇಲೆ ಭಾರವನ್ನು ತುಸು ಏರಿಸಿ ಮತ್ತೆ ಎಂಟಕ್ಕೆ ಇಳಿಯಬೇಕು. ಒಂಬತ್ತನೆಯದು ಬರದೆ ಹಟಮಾಡಿದರೆ ಬೇರೆ ಉಪಾಯವುಂಟು: ಎತ್ತುವುದು ಎಂದಿನಂತೆ, ಇಳಿಸುವುದು ಮಾತ್ರ ಮೂರೆಣಿಕೆಯಷ್ಟು ನಿಧಾನ. ಇಲ್ಲವೆ ಐದು ಕಿಲೋಗೆ ಇಳಿದು ಹದಿನೈದು ಸಲ. ಇಲ್ಲವೆ ಒಂದು ಸುತ್ತು ಹೆಚ್ಚು. ಶರೀರಕ್ಕೆ ಕಿಲೋಗ್ರಾಮಿನ ಅಂಕೆ ಓದಲು ಬಾರದು. ಅದಕ್ಕೆ ತಿಳಿಯುವುದು ಶ್ರಮದ ಏರಿಳಿತವೊಂದೇ.

ಮೂರನೆಯದು, ಹೆಜ್ಜೆಯನ್ನು ಚಿಕ್ಕದಾಗಿಸುವುದು. ಬಿಲ್ಲೆಗಳನ್ನು ಕಳಚಿ ಜೋಡಿಸುವ ಡಂಬೆಲ್ಲಾದರೆ ಅರ್ಧ ಕಿಲೋ ಬಿಲ್ಲೆಗಳನ್ನು ಎರಡು ತುದಿಗೂ ಸೇರಿಸಬಹುದು. ಕಾಲು ಕಿಲೋ ಬಿಲ್ಲೆ ದೊರೆತರೆ ಇನ್ನೂ ಲೇಸು. ಒಂದೇ ಎರಕದ ಡಂಬೆಲ್ಲಾದರೆ ಮಣಿಕಟ್ಟಿಗೆ ಕಟ್ಟುವ ಅರ್ಧ ಕಿಲೋ ಮರಳಿನ ಪಟ್ಟಿ ಸಾಕು. ಗುಮಾಸ್ತರ ಮಡದಿ ಹಳೆಯ ಷರಾಯಿಯ ಬಟ್ಟೆಯಲ್ಲಿ ಅಂಥ ಎರಡು ಪಟ್ಟಿಗಳನ್ನು ಹೊಲಿದು, ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಕೊಟ್ಟರು.

ಈ ಕ್ರಮಗಳ ಹಿಂದೆ ಇತಿಹಾಸವೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರು ಆಸ್ಪತ್ರೆಗಳಲ್ಲಿ ತುಂಬಿದ್ದಾಗ, ಥಾಮಸ್ ಡಿಲೋರ್ಮ್ ಎಂಬ ತರುಣ ವೈದ್ಯರು ಷಿಕಾಗೋ ನಗರದ ಸೇನಾ ಆಸ್ಪತ್ರೆಯಲ್ಲಿ ಅವರ ಬತ್ತಿದ ಕಾಲುಗಳಿಗೆ ಭಾರ ಎತ್ತುವ ವ್ಯಾಯಾಮವನ್ನೇ ಚಿಕಿತ್ಸೆಯಾಗಿ ಕೊಟ್ಟು, 1945ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ರೋಗಿ ಸರಿಯಾಗಿ ಹತ್ತು ಸಲ ಎತ್ತಬಲ್ಲ ಭಾರವೇ ಅವರ ಅಳತೆಗೋಲು. 1948ರಲ್ಲಿ ವಾಟ್ಕಿನ್ಸ್ ಅವರೊಡನೆ ಸೇರಿ ಆ ಕ್ರಮವನ್ನು ಮೂರೇ ಸುತ್ತಿಗೆ ಇಳಿಸಿದರು: ಆ ಭಾರದ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ನಡೆಯಲಾರದವರನ್ನು ನಡೆಸಲು ಹುಟ್ಟಿದ ಶಾಸ್ತ್ರವಿದು. ಅಲ್ಲಿಯೂ ಒಂದೊಂದೇ ಮೆಟ್ಟಿಲು.

ಭಾರದ ಜೊತೆಗೆ ಊಟದ ಎಲೆಯನ್ನೂ ನೋಡಬೇಕು. ಅನ್ನ, ತಿಳಿಸಾರು, ಹಪ್ಪಳ ಇಷ್ಟರಿಂದ ಮಾಂಸಖಂಡ ಬೆಳೆಯದು. ಭಾರ ಎತ್ತುವವನಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಮಿನವರೆಗೆ ಪ್ರೋಟೀನು ಹೆಚ್ಚಿದಷ್ಟೂ ಪ್ರಯೋಜನವಿದೆ, ಅದರಾಚೆಗೆ ವಿಶೇಷ ಲಾಭವಿಲ್ಲ ಎಂದು ಅನೇಕ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2018ರ ವಿಮರ್ಶೆಯೊಂದು ಹೇಳುತ್ತದೆ. ಹುರುಳಿ, ತೊಗರಿ, ಕಡಲೆಕಾಯಿ, ಹಾಲು, ಗಟ್ಟಿ ಮೊಸರು, ಉಣ್ಣುವವರಿಗೆ ಮೊಟ್ಟೆ ಮೀನು, ಇವು ಎಲ್ಲ ಮನೆಗಳಿಗೂ ಪರಿಚಿತವಾದವುಗಳೇ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ರಕ್ತದೊತ್ತಡವಿರುವವರು ಉಸಿರು ಬಿಗಿಹಿಡಿದು ಎತ್ತಬಾರದು. ಎತ್ತುವಾಗ ಉಸಿರು ಹೊರಕ್ಕೆ, ಇಳಿಸುವಾಗ ಒಳಕ್ಕೆ. ದಣಿವು ಬೇರೆ, ಚಳಕು ಬೇರೆ. ದಣಿವನ್ನು ತಾಳಿಕೊಳ್ಳಬಹುದು, ಕೀಲಿನ ಚಳಕನ್ನು ತಾಳಿಕೊಳ್ಳುವುದು ಶೌರ್ಯವಲ್ಲ.

ಇದೆಲ್ಲ ಗರಡಿಯವರಿಗೆ ಸಂಬಂಧಿಸಿದ್ದು, ಲೇಖನಿ ಹಿಡಿದವರಿಗೇಕೆ ಎನ್ನುವವರುಂಟು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಶಿಷ್ಯರನ್ನು ತಿದ್ದಿದ ಕೆ.ವಿ. ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೆಂಬುದನ್ನು ಅಂಥವರು ನೆನೆಯಬೇಕು.

ಗುಮಾಸ್ತರು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ದಿನಾಂಕ, ಭಾರ, ಸಂಖ್ಯೆ ಬರೆಯತೊಡಗಿದರು. ಎದೆಗೆ ಡಂಬೆಲ್ ಆನಿಸಿಕೊಂಡು ಬಸ್ಕಿ ಹೊಡೆದರು. ಬಾಗಿ ನಿಂತು ಪಕ್ಕೆಯವರೆಗೆ ಭಾರ ಸೆಳೆದರು. ಮೂರನೆಯ ವಾರದಲ್ಲಿ ಒಂಬತ್ತು ಬಂತು. ಎರಡು ತಿಂಗಳಿಗೆ ಹನ್ನೆರಡಾಯಿತು. ಮರಳಿನ ಪಟ್ಟಿ ಕಟ್ಟಿದ ದಿನ ಮತ್ತೆ ಎಂಟಕ್ಕೆ ಇಳಿಯಿತು, ಅವರು ಎದೆಗುಂದಲಿಲ್ಲ. 10 ಕಿಲೋ ಜೊತೆ ಇನ್ನೂ ಮೂಲೆಯಲ್ಲಿಯೇ ಇದೆ.

ಮೊನ್ನೆ ಬೆಳಗ್ಗೆ ತಾಯಿಯನ್ನು ಎಂದಿನಂತೆ ಎತ್ತಿ ಕುರ್ಚಿಯತ್ತ ನಡೆದರು. ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಆಕೆ ಸೊಸೆಯನ್ನು ಗದರಿಸುತ್ತಲೇ ಇದ್ದರು. ಕುರ್ಚಿಯಲ್ಲಿ ಕೂರಿಸಿದ ಮೇಲೂ ಮಾತು ನಿಲ್ಲಲಿಲ್ಲ. ಗುಮಾಸ್ತರು ನೆಟ್ಟಗೆ ನಿಂತು, ಅಭ್ಯಾಸಬಲದಿಂದ, ಮುದುರಿರುವ ಕೊರಳಪಟ್ಟಿಯನ್ನು ಸರಿಪಡಿಸಿಕೊಳ್ಳಲು ಕೈಯೆತ್ತಿದರು. ಅದು ಮುದುರಿರಲಿಲ್ಲ.