ತಂತ್ರಾಂಶದ ಕವಲಿಗೆ ಬೀಗವಿಲ್ಲ

ಯಾದಗಿರಿಯ ದಾಲ್ ಮಿಲ್ಲುಗಳಲ್ಲಿ, ಶಹಾಪುರ ಮತ್ತು ಸುರಪುರದ ಹತ್ತಿ, ಭತ್ತದ ವಹಿವಾಟಿನಲ್ಲಿ ಕಿರ್ದಿ ಖಾತೆಗಳು ಗಣಕಯಂತ್ರಕ್ಕೆ ಏರಿದ್ದು ಹಳೆಯ ಮಾತು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ಅದು ಅನಿವಾರ್ಯವೂ ಆಯಿತು. ಸಿದ್ಧ ತಂತ್ರಾಂಶ ಸಾಲದಾದಾಗ, ತೂಕ, ತೇವಾಂಶದ ಕಡಿತ, ಅಡತಿ ಎಲ್ಲವನ್ನೂ ಕೂಡಿಸುವ ತಂತ್ರಾಂಶವನ್ನು ಬೇರೆಯಾಗಿಯೇ ಬರೆಸುವ ವಿಚಾರ ಉದ್ಯಮಿಗಳಿಗೆ ಬರುವುದು ಸಹಜ. ಗೌಪ್ಯದ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಇಂತಹ ತಂತ್ರಾಂಶದ ಕೋಡನ್ನು ಬಹುಪಾಲು ತಂತ್ರಜ್ಞರು ಇಡುವುದು 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್ ವ್ಯವಸ್ಥೆಯಲ್ಲಿ. ಕೋಡಿನ ಗೋದಾಮಿಗೆ ಅಲ್ಲಿ ರೆಪಾಸಿಟರಿ ಎಂದು ಹೆಸರು. ಅದರೊಳಗಿನ ಕವಲುಗಳೇ ಬ್ರಾಂಚ್. ವರ್ತಕರಿಗೆ ಬ್ರಾಂಚ್ ಎಂದರೆ ಪರವೂರಿನ ಶಾಖೆ, ಅದಕ್ಕೆ ಅದರದೇ ಬೀಗ. ಕೋಡಿನ ಬ್ರಾಂಚಿಗೆ ಆ ಭಾಗ್ಯವಿಲ್ಲ. ಒಬ್ಬನೇ ತಂತ್ರಜ್ಞ ಐದು ಗಿರಣಿಗಳ ಕೆಲಸ ಹಿಡಿದು, ಒಂದೇ ರೆಪಾಸಿಟರಿಯಲ್ಲಿ ಗಿರಣಿಗೊಂದು ಕವಲು ತೆಗೆದನೆನ್ನೋಣ. ಗೋದಾಮಿನ ಬಾಗಿಲು ತೆರೆದವನಿಗೆ ಐದೂ ಕವಲುಗಳು ಕಾಣುತ್ತವೆ. ಗಿಟ್‌ಹಬ್‌ನಂತಹ ತಾಣದಲ್ಲಿ ಕವಲಿಗೆ ರಕ್ಷಣೆ ಹಾಕಬಹುದು. ಆದರೆ ಅದು ತಿದ್ದುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ಒಮ್ಮೆ ಬರೆದ ರಿಯಾಯಿತಿ ದರವನ್ನೋ ಪಾಸ್‌ವರ್ಡನ್ನೋ ಆಮೇಲೆ ಅಳಿಸಿದರೂ ಹಳೆಯ ಪ್ರತಿಗಳಲ್ಲಿ ಅದು ಉಳಿದೇ ಇರುತ್ತದೆ. ಎಪಿಎಂಸಿಯ ಇ-ಟೆಂಡರಿನಲ್ಲಿ ಒಬ್ಬರು ನಮೂದಿಸಿದ ದರ ಘೋಷಣೆಯವರೆಗೆ ಮತ್ತೊಬ್ಬರಿಗೆ ಕಾಣದು. ಅಷ್ಟು ಎಚ್ಚರ ವಹಿಸುವ ವ್ಯಾಪಾರಸ್ಥರು ತಮ್ಮ ಲೆಕ್ಕದ ಸೂತ್ರವನ್ನು ಹೀಗೆ ಬಯಲಿಗಿಡುವುದು ವಿಚಿತ್ರವೇ ಸರಿ.

ಪ್ರತಿ ಗಿರಣಿಗೂ ಪ್ರತ್ಯೇಕ ಖಾಸಗಿ ರೆಪಾಸಿಟರಿ ಇರಬೇಕು, ಅದರ ಒಡೆತನದ ಖಾತೆ ಗಿರಣಿಯ ಹೆಸರಿನಲ್ಲಿರಬೇಕು, ಕೆಲಸ ಬಿಟ್ಟವನ ಪ್ರವೇಶ ಅಂದೇ ರದ್ದಾಗಬೇಕು. 2020ರಿಂದ ಗಿಟ್‌ಹಬ್ ತಂಡಗಳಿಗೂ ಖಾಸಗಿ ರೆಪಾಸಿಟರಿಗಳನ್ನು ಉಚಿತವಾಗಿ ಕೊಡುತ್ತಿರುವುದರಿಂದ ಖರ್ಚಿನ ನೆಪವೂ ಉಳಿದಿಲ್ಲ. ಒಂದು ದೋಷವನ್ನು ಐದು ಕಡೆ ತಿದ್ದುವ ಶ್ರಮ ತಂತ್ರಜ್ಞನಿಗೆ ಹೆಚ್ಚುತ್ತದೆ, ನಿಜ. ಅದಕ್ಕೆ ತಕ್ಕ ಸಂಭಾವನೆ ಕೊಡುವುದು ನ್ಯಾಯ.

ಇನ್ನು ಕಾಗದಪತ್ರದ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಕೋಡು ಸಾಮಾನ್ಯವಾಗಿ ಯಜಮಾನನದು. ಹೊರಗಿನವನು ಗುತ್ತಿಗೆಯ ಮೇಲೆ ಬರೆದದ್ದರ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಹಣ ಸಂದಾಯವಾದ ಮೇಲೂ ಸಾಮಾನ್ಯವಾಗಿ ಬರೆದವನದೇ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯೂ ಇರಬೇಕು. ಬಾಯಿಮಾತಿನ ಮೇಲೆ ತಂತ್ರಾಂಶ ಬರೆಸಿದವರು ತೊಗರಿಯ ಆವಕ ಆರಂಭವಾಗುವ ಮುನ್ನ ಆ ಪತ್ರವನ್ನು ಮಾಡಿಸಿಕೊಳ್ಳುವುದು ಲೇಸು; ಸುಗ್ಗಿಯ ಗದ್ದಲದಲ್ಲಿ ಅದಕ್ಕೆ ಬಿಡುವು ಸಿಗದು.