ಸಂಧಾನದ ಜೈಲಿನಲ್ಲೇ ನೇಣು

ಜನವರಿ 12ರಂದು ಸೊಲ್ಲಾಪುರ ತನ್ನ ನಾಲ್ವರು ಹುತಾತ್ಮರನ್ನು ನೆನೆಯುತ್ತದೆ: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ಸುದ್ದಿಗೆ ಈ ಗಿರಣಿ ಊರು ಸಿಡಿದೆದ್ದಿತು. ಸರ್ಕಾರ ಲಷ್ಕರಿ ಕಾಯಿದೆ ಹೇರಿತು. ತಲೆಯ ಮೇಲಿನ ಗಾಂಧಿ ಟೋಪಿಯೂ ಅಪರಾಧವಾಯಿತು.

ಹಾರ ಹಾಕುವವರು ಅಷ್ಟಾಗಿ ನೆನೆಯದ ಸಂಗತಿ ಇನ್ನೊಂದಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ತೇಜ್ ಬಹಾದ್ದೂರ್ ಸಪ್ರು ಮತ್ತು ಎಂ.ಆರ್. ಜಯಕರ್ ವೈಸ್‌ರಾಯ್ ಇರ್ವಿನ್ ಮತ್ತು ಕಾಂಗ್ರೆಸ್ ನಡುವೆ ರಾಜಿಗೆ ಓಡಾಡಿದರು. ನೈನಿ ಜೈಲಿನಿಂದ ನೆಹರೂ ತಂದೆ-ಮಗನನ್ನು ಪುಣೆಯ ಯರವಡಾ ಜೈಲಿಗೆ ಕರೆತಂದು, ಅಲ್ಲಿದ್ದ ಗಾಂಧೀಜಿ ಜತೆ ಕೂರಿಸಲಾಯಿತು. ಮಾತು ಮುರಿಯಿತು. ಸೊಲ್ಲಾಪುರದ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದ್ದು ಅದೇ ಯರವಡಾದಲ್ಲಿ. ಎರಡು ವಾರಕ್ಕೆ ಗಾಂಧೀಜಿ ಬಿಡುಗಡೆ, ಮಾರ್ಚ್ 5ಕ್ಕೆ ಇರ್ವಿನ್ ಜತೆ ಒಪ್ಪಂದ.

ಒಪ್ಪಂದದವರೆಗೆ ನೇಣು ತಡೆದಿದ್ದರೆ ಈ ನಾಲ್ವರು ಉಳಿಯುತ್ತಿದ್ದರೇ? ಅನುಮಾನ. ಪೊಲೀಸರ ಕೊಲೆಯ ಆರೋಪ ಇವರ ಮೇಲಿತ್ತು. ಒಪ್ಪಂದದಂತೆ ಬಿಡುಗಡೆಯಾದ ಕೈದಿಗಳಲ್ಲಿ ಹಿಂಸೆಯ ಅಪರಾಧಿಗಳಿಗೆ ಜಾಗವೇ ಇರಲಿಲ್ಲ. ಇಂಥ ಒಪ್ಪಂದಗಳ ಬಿಡುಗಡೆಯಲ್ಲಿ ಯಾರು ಸೇರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಇತಿಹಾಸ ಪಾಠದಲ್ಲಿ ಹೇಳಿಕೊಡಬೇಕು. ಬರೀ ಹೆಸರುಗಳ ಕಂಠಪಾಠ ಸಾಲದು.