ಹೊರಟುಹೋದ ವಿದ್ಯಾಲಯ, ಉಳಿದ ಊರು

ದೊಡ್ಡ ಸಂಸ್ಥೆಯೊಂದು ಊರನ್ನು ಬಿಟ್ಟು ಹೋಗುವುದೆಂದರೆ ಏನೆಂಬುದನ್ನು ನಂದಿದುರ್ಗ, ಬಂಗಾರಪೇಟೆಗಳ ಗೃಹಸ್ಥರಿಗೆ ನಾವು ವಿವರಿಸಬೇಕಾದುದಿಲ್ಲ. ಆದರೂ ಕಡಲಾಚೆಯ ಒಂದು ದ್ವೀಪದ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಅದರಲ್ಲಿ ನಮ್ಮೂರಿನ ಮುಖವೂ ಕಾಣಿಸೀತು.

ಕ್ರಿಕೆಟ್ ಆಟದ ದೆಸೆಯಿಂದ ವೆಸ್ಟ್ ಇಂಡೀಸ್ ಎಂಬ ಹೆಸರು ನಮ್ಮ ಮನೆಮಕ್ಕಳಿಗೆಲ್ಲ ಪರಿಚಿತವಾದುದೇ. ಆ ದ್ವೀಪಗಳಲ್ಲಿ ಡೊಮಿನಿಕ ಎಂಬುದೊಂದು. ಬೆಟ್ಟಗಾಡಿನ ನಾಡು, ಜನಸಂಖ್ಯೆ ಸುಮಾರು 70,000. ಅಲ್ಲಿನ ಪೋರ್ಟ್ಸ್‌ಮತ್ ಪಟ್ಟಣದ ಬಳಿ ರಾಸ್ ವೈದ್ಯವಿದ್ಯಾಲಯವು ನಾಲ್ಕು ದಶಕಗಳ ಕಾಲ ನಡೆಯಿತು. 1978ರಲ್ಲಿ ಸ್ಥಾಪಿತವಾದ ಆ ವಿದ್ಯಾಲಯಕ್ಕೆ ಬರುತ್ತಿದ್ದವರು ಹೆಚ್ಚಾಗಿ ಅಮೆರಿಕದ ತರುಣರು. ಶಾಸ್ತ್ರಪಾಠವನ್ನು ದ್ವೀಪದಲ್ಲಿ ಮುಗಿಸಿ, ರೋಗಿಗಳ ಬಳಿಯ ಅಭ್ಯಾಸಕ್ಕಾಗಿ ಅಮೆರಿಕದ ಆಸ್ಪತ್ರೆಗಳಿಗೆ ತೆರಳುವರು. ಅವರನ್ನೇ ನಂಬಿ ಊರಿನವರು ಬಾಡಿಗೆಗೆ ಕೋಣೆಗಳನ್ನು ಕಟ್ಟಿಸಿದರು. ಊಟ ಮಾಡಿ ಮಾರಿದರು. ಕಾರುಗಳನ್ನೋಡಿಸಿ ಸಂಸಾರ ಸಾಗಿಸಿದರು.

2017ನೆಯ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಎಂಬ ಚಂಡಮಾರುತವು ಐದನೆಯ ದರ್ಜೆಯ, ಎಂದರೆ ಪರಮಾವಧಿಯ, ರಭಸದಿಂದ ಆ ದ್ವೀಪದ ಮೇಲೆರಗಿತು. ಪ್ರಧಾನಮಂತ್ರಿಯ ಮನೆಯ ಮಾಡೇ ಹಾರಿಹೋಯಿತೆಂದ ಮೇಲೆ ಬಡವರ ಪಾಡೇನು! ಸತ್ತವರೂ ಕಣ್ಮರೆಯಾದವರೂ ಕೂಡಿ 65 ಮಂದಿ. ನಷ್ಟವಾದರೋ ನಾಡಿನ ಒಂದು ವರ್ಷದ ಸಮಸ್ತ ಉತ್ಪನ್ನದ ಎರಡು ಪಟ್ಟಿಗೂ ಮಿಗಿಲು.

ವಿದ್ಯಾಲಯದ ಪಾಠ ಮಾತ್ರ ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಸೇಂಟ್ ಕಿಟ್ಸ್ ದ್ವೀಪದ ಬಂದರಿನಲ್ಲಿ ನಿಂತ ಇಟಲಿಯ ಹಡಗೊಂದು ತರಗತಿಯೂ ವಸತಿಯೂ ಆಯಿತು. 2018ರಲ್ಲಿ ಅಮೆರಿಕದ ನಾಕ್ಸ್‌ವಿಲ್ ನಗರ. 2019ರ ಜನವರಿಯಿಂದ ಬಾರ್ಬಡೋಸ್ ದ್ವೀಪ. ಡೊಮಿನಿಕಕ್ಕೆ ಅದು ಮರಳಲೇ ಇಲ್ಲ. ವಿದ್ಯಾರ್ಥಿಗಳ ವರ್ಷ ಕೆಡದಂತೆ ಕಾಯ್ದುದು ಶ್ಲಾಘ್ಯವೇ ಸರಿ. ಉಪಾಧ್ಯಾಯರೂ ಪುಸ್ತಕಗಳೂ ಇದ್ದೆಡೆ ಪಾಠ ನಡೆದೀತು. ಬಾಡಿಗೆಗೆಂದು ಕಟ್ಟಿಸಿದ ಮನೆಗಾದರೆ ಕಾಲಿಲ್ಲ.

ನಮ್ಮಲ್ಲಿ ಅಂಥ ಬಿರುಗಾಳಿ ಬೀಸಲಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಗೊಂಡು, 1956ರಲ್ಲಿ ಮೈಸೂರು ಸರ್ಕಾರದ ವಶವಾದ ಚಿನ್ನದ ಗಣಿಗಳು ಮೆಲ್ಲಮೆಲ್ಲನೆ ಕ್ಷೀಣಿಸಿದವು. ಆಳ ಮೂರು ಕಿಲೋಮೀಟರನ್ನು ಮೀರಿತು, ಅದಿರಿನಲ್ಲಿ ಚಿನ್ನ ಇಳಿಯಿತು, ವೆಚ್ಚ ಏರಿತು. 2001ನೆಯ ಫೆಬ್ರವರಿ 28ರಂದು ಕೆಲಸ ನಿಂತಿತು. ಗಣಿಯ ಆಸ್ಪತ್ರೆಯೂ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು, ಜನರೂ ಉಳಿದರು. ಅವರಲ್ಲಿ ಅನೇಕರು ನಸುಕಿನಲ್ಲಿಯೇ ಮಾರಿಕುಪ್ಪಂ ರೈಲನ್ನು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ, ದೀಪ ಹಚ್ಚಿದ ಮೇಲೆ ಮನೆ ಸೇರುವರು.

ಉಳಿವಿಗಾಗಿ ಹೊರಡುವ ಸಂಸ್ಥೆಯನ್ನು ನಾವು ದೂರುವುದಿಲ್ಲ. ಆದರೆ ತನ್ನನ್ನು ನಂಬಿದ ಊರಿನ ಋಣವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೊರಡುವುದು ಧರ್ಮ. ಕಾಲೇಜು ಬಂದಿತು, ಕಾರ್ಖಾನೆ ಬಂದಿತೆಂದು ಸಾಲ ಮಾಡಿ ಬಾಡಿಗೆಯ ಕೋಣೆಗಳನ್ನು ಕಟ್ಟಿಸುವ ಗೃಹಸ್ಥರೂ ಪೋರ್ಟ್ಸ್‌ಮತ್ತನ್ನು ಒಮ್ಮೆ ನೆನೆಯಲಿ. ಒಂದೇ ಬಾಗಿಲನ್ನು ನಂಬಿದ ಮನೆಯಲ್ಲಿ, ಮಕ್ಕಳೊಳಗೆ ಒಬ್ಬರಾದರೂ ಬೇರೆ ಕಸಬನ್ನು ಕಲಿತಿರಲಿ.